ಬ್ಯಾಂಡಿಗೆ ಹಚ್ಚಿದ ಹುಣಸೆಹುಳಿ

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸಗಳು ಇಷ್ಟು. ಐದೂಕಾಲಿಗೆ ಎದ್ದು ಮಗಳ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಹಾಲಿನ ಎ.ಸಿ.ಯ ಜಾಳಿಗೆ ಬಿಚ್ಚಿ ತೊಳೆದೆ. ಮೊನ್ನೆಯ ಗಾಳಿಗೆ ಮಸ್ಕತ್ತಿನ ಬೌಷರ್‌ನ ಮರಳುದಿಬ್ಬಗಳ ಅರ್ಧ ಮರಳು ಅದರಲ್ಲೇ ಬಂದು ಕೂತಿತ್ತು. ಆರು ಬಂಗುಡೆ ಹೆಚ್ಚಿ ತೊಳೆದು ಸಾರು ಮಾಡಿಟ್ಟೆ. ಗ್ಯಾಸಿನವನಿಗೆ ಮೂರು ಸಲ ಫೋನು ಮಾಡಿದೆ, ಮೂರು ಸಲವೂ ಅವನು ಐದೇ ನಿಮಿಷ ಅಂದ. ಇವರ ಬಿಳಿ ಅಂಗಿಗೆ ಗುಂಡಿ ಹೊಲಿದು ಇಸ್ತ್ರಿ ಹಾಕಿದೆ. ಆಮೇಲೆ ಮನೆಯಿರುವ ಅಲ್ ಖುವೈರ್‌ನಿಂದ ರುಸೈಲ್‌ಗೆ ಹೋಗಿ, ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಯ ಆಫೀಸಿನಲ್ಲಿ ಕೂತು, ಹತ್ತು ಇಂಗ್ಲಿಷ್ ವಾದ್ಯಗಳನ್ನು ಹಾಳು ಮಾಡಿದವಳು ನಾನೇ ಎಂದು ಒಪ್ಪಿಕೊಂಡು ಬಂದೆ.

ಕೊನೆಯ ಕೆಲಸ ದಿನವೂ ಇರುವಂಥದ್ದಲ್ಲವಾದ್ದರಿಂದ ವಿವರವಾಗಿ ಬರೆಯುತ್ತೇನೆ.

ಇವರು, ಅಂದರೆ ನನ್ನ ಗಂಡ, ಆ ಫ್ಯಾಕ್ಟರಿಯ ಮೇಂಟೆನೆನ್ಸ್ ವಿಭಾಗದವರು. ಉಡುಪಿಯ ಹತ್ತಿರದ ಒಂದು ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಊದಿ ಬೆಳೆದವರು. ಮದುವೆ ದಿಬ್ಬಣದ ಮುಂದೆ ನಡೆಯುತ್ತಾ ಊದುವ ಬ್ಯಾಂಡು ಅದು. ಇಲ್ಲಿಗೆ ಬಂದ ಮೇಲೆ ಅದೆಲ್ಲ ಮುಗಿಯಿತು ಎಂದು ನಾನು ನೆಮ್ಮದಿಯಿಂದ ಇದ್ದೆ. ಮುಗಿದಿರಲಿಲ್ಲ. ಫ್ಯಾಕ್ಟರಿಗೆ ಇಂಗ್ಲೆಂಡಿನಿಂದ ಒಬ್ಬ ಮ್ಯಾನೇಜರ್ ಬಂದರು. ಅವರ ಊರಿನಲ್ಲಿ ಒಂದು ಉಣ್ಣೆಯ ಮಿಲ್ಲು, ಮಿಲ್ಲಿಗೆ ಒಂದು ಬ್ಯಾಂಡು. ಮಾಲೀಕನ ಮುತ್ತಜ್ಜ ಕೆಲಸಗಾರರಿಗೆ ವಾದ್ಯ ಕೊಡಿಸಿ, ಪಾಳಿ ಮುಗಿದ ಮೇಲೆ ಹೆಂಡದಂಗಡಿಗೆ ಹೋಗುವ ಬದಲು ಬಾಯ್ಲರಿನ ಮೇಲಿನ ಕೋಣೆಯಲ್ಲಿ ಕೂತು ಊದಿ ಎಂದನಂತೆ. ಚಳಿಗಾಲದಲ್ಲಿ ಆ ಊರಿನಲ್ಲಿ ಬೆಚ್ಚಗಿದ್ದ ಕೋಣೆ ಅದೊಂದೇ ಆದ್ದರಿಂದ ಎಲ್ಲರೂ ಸಂಗೀತಪ್ರೇಮಿಗಳಾದರು ಎಂದು ಮ್ಯಾನೇಜರೇ ನಗುತ್ತಾ ಹೇಳುತ್ತಿದ್ದರು. ಅವರ ಅಜ್ಜ, ಅಪ್ಪ, ಕೊನೆಗೆ ಅವರೂ ಅಲ್ಲಿ ಊದಿದವರು. ನಮ್ಮವರೆಲ್ಲ ಅವರನ್ನು ಮಾಸ್ಟರ್ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ಊರಿನ ಬ್ಯಾಂಡು ಹೊಸ ವಾದ್ಯ ಕೊಂಡಾಗ ಹಳೆಯವನ್ನು ಮಾಸ್ಟರ್ ಕೇಳಿ ಇಸಿದುಕೊಂಡು, ಹೊಸದಾಗಿ ಮೆರುಗೆಣ್ಣೆ ಹಚ್ಚಿಸಿ, ಮಿಷನಿನ ಬಿಡಿಭಾಗಗಳ ಜೊತೆ ಮಸ್ಕತ್ತಿಗೆ ತರಿಸಿದರು. ಗಿಡ್ಡ ತುತ್ತೂರಿಯಂಥ ಕಾರ್ನೆಟ್ಟು, ಹಾರ್ನು, ಬೇಸಿನ ತಮ್ಮನಂಥ ಯೂಫೋನಿಯಂ, ಬೇಸ್. ಬೇಸ್ ಅಂದರೆ ಬೇರೆಯವರು ಟ್ಯೂಬಾ ಅನ್ನುವ, ಎಲ್ಲಕ್ಕಿಂತ ದೊಡ್ಡ ವಾದ್ಯ. ಇವರ ಪಾಲಿಗೆ, ಅಂದರೆ ನನ್ನ ಪಾಲಿಗೆ, ಅದೇ ಬಂತು.

ಮಾಸ್ಟರ್ ಸೇರಿಸಿದ ಬ್ಯಾಂಡಿನಲ್ಲಿ, ಅವರ ಊರಿನ ಪದ್ಧತಿಯಂತೆ, ಸ್ಯಾಕ್ಸೊಫೋನಿಗೆ ಜಾಗವಿರಲಿಲ್ಲ. ನಮ್ಮ ಕಡೆ ಸ್ಯಾಕ್ಸೊಫೋನಿಲ್ಲದೆ ಹುಡುಗಿ ಗಂಡನ ಮನೆಗೆ ಹೋಗುವುದೇ ಇಲ್ಲ. ಇದ್ದ ಒಬ್ಬ ಸ್ಯಾಕ್ಸೊಫೋನಿನವರಿಗೆ ಡೋಲು ಕೊಟ್ಟರು. ಅವರು ಬೇಸರಗೊಂಡು ಒಮಾನಿನ ಇನ್ನೊಂದು ತುದಿಯ ಸಲಾಲಾಕ್ಕೆ ವರ್ಗ ತೆಗೆದುಕೊಂಡರು. ನಡೆಯುತ್ತಾ ಊದಿದವರನ್ನೆಲ್ಲ ಕುದುರೆ ಲಾಳದ ಹಾಗೆ ಅರ್ಧ ಸುತ್ತಿನಲ್ಲಿ ಕೂರಿಸಿ, ಕಿವಿಯಿಂದ ಕಲಿತವರ ಮುಂದೆ ಸ್ವರ ಬರೆದ ಕಾಗದ ಇಟ್ಟರು. "ಕೂತರೆ ನಂಗೆ ಉಸಿರೇ ಬರುದಿಲ್ಲ ಮಾರಾಯ್ತಿ," ಎಂದು ಇವರು ಆರು ತಿಂಗಳು ಗೋಳಾಡಿದರು. ಮನೆಯಲ್ಲಿ ನಾವಾಡುವುದು ಕೊಂಕಣಿ, ಅದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಗೋಳು ಮಾತ್ರ ಎರಡರಲ್ಲೂ ಒಂದೇ.

ಆ ಬೇಸಿನ ಜೊತೆ ಬಾಳುವುದು ಎಂದರೇನು ಎಂದು ಯಾರೂ ಚರಿತ್ರೆಯಲ್ಲಿ ಬರೆಯುವುದಿಲ್ಲ. ಫ್ಯಾಕ್ಟರಿಯಲ್ಲಿರಬೇಕಾದದ್ದು ಅಭ್ಯಾಸಕ್ಕೆಂದು ವಾರದಲ್ಲಿ ಮೂರು ದಿನ ನಮ್ಮ ಮನೆಯಲ್ಲೇ. ಎರಡು ತಿಂಗಳಿಗೊಮ್ಮೆ ಅದಕ್ಕೆ ಸ್ನಾನ. ನಮ್ಮ ಬಾತ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಅದನ್ನು ಮಲಗಿಸಬೇಕು, ಒಳಗಿನ ಜೊಲ್ಲಿನ ಕೊಳೆ ಬಿಡುವವರೆಗೆ ನಾವು ಮೂವರೂ ಸ್ನಾನಕ್ಕೆ ಕಾಯಬೇಕು. ಸೋಫಾದ ಮೇಲೆ ವಾಲ್ವಿನ ಎಣ್ಣೆ. ಕೆಳಗಿನ ಮನೆಯ ಈಜಿಪ್ಟಿನ ಹೆಂಗಸು ಒಂದು ಶುಕ್ರವಾರ ಮೇಲೆ ಬಂದು, ಬಂದರು ಇಲ್ಲಿಂದ ಇಷ್ಟು ದೂರ ಇದ್ದರೂ ಹಡಗಿನ ಸದ್ದು ನಿಮಗೂ ಕೇಳುತ್ತದೆಯೇ ಎಂದು ಕೇಳಿದಳು. ನಾನು ಹೌದು, ಕೇಳುತ್ತದೆ ಎಂದೆ.

ಮಾಸ್ಟರ್ ಹೇಳುತ್ತಿದ್ದ ಒಂದು ಸಂಗತಿ ಮಾತ್ರ ನನಗೆ ಚೆನ್ನಾಗಿ ಹಿಡಿಸಿತ್ತು. ಅವರ ಕಡೆ ಸ್ಪರ್ಧೆ ನಡೆದಾಗ ತೀರ್ಪುಗಾರನನ್ನು ಒಂದು ಡೇರೆಯೊಳಗೆ ಕೂರಿಸಿ ಪರದೆ ಎಳೆಯುತ್ತಾರಂತೆ. ಯಾವ ಫ್ಯಾಕ್ಟರಿಯ ಬ್ಯಾಂಡು ಊದುತ್ತಿದೆ ಎಂದು ಅವನಿಗೆ ಕಾಣಬಾರದು. ನಮ್ಮ ಮನೆಯಲ್ಲಿ ಆ ಡೇರೆ ನನ್ನ ಅಡುಗೆಮನೆ. ಒಗ್ಗರಣೆ ಹಾಕುತ್ತಲೇ, "ಮೂರನೇ ಸಾಲಿನಲ್ಲಿ ಬಿದ್ದಿರಿ!" ಎಂದು ಕೂಗುತ್ತಿದ್ದೆ. ಎಷ್ಟೋ ಸಲ ನಿಜವಾಗಿಯೂ ಬಿದ್ದಿರುತ್ತಿದ್ದರು.

ಮಾಸ್ಟರ್ ಊರಿಗೆ ಮರಳುವ ಮೊದಲು ಒಂದು ಕೆಲಸ ಮಾಡಿದರು. ಅವರ ಊರಿನ ಮಿಲ್ಲು ಮುಚ್ಚಿದಾಗ ಬ್ಯಾಂಕಿನವರು ಮಗ್ಗಗಳ ಜೊತೆ ವಾದ್ಯಗಳನ್ನೂ ಮಾರಲು ಬಂದಿದ್ದರಂತೆ. ವಾದ್ಯಗಳು ಮಿಲ್ಲಿನವಲ್ಲ, ಊದುವವರವು ಎಂದು ಒಂದು ಹಳೆಯ ಕಾಗದ ಸಿಕ್ಕಿದ್ದರಿಂದ ಬ್ಯಾಂಡು ಉಳಿಯಿತು. ಮಿಲ್ಲಿನ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ, ಬ್ಯಾಂಡು ಇನ್ನೂ ಇದೆ. ಕಾಗದವಾದರೆ ಕಳೆದುಹೋಗುತ್ತದೆ ಎಂದು ಮಾಸ್ಟರ್ ಹನ್ನೊಂದು ವಾದ್ಯಗಳನ್ನೂ ರೂವಿಯ ಒಂದು ಅಂಗಡಿಗೆ ಒಯ್ದರು, ಬಹುಮಾನದ ಟ್ರೋಫಿ, ಫಲಕಗಳ ಮೇಲೆ ಹೆಸರು ಕೊರೆಯುವ ಅಂಗಡಿ ಅದು. ಪ್ರತಿಯೊಂದರ ಅಗಲ ಬಾಯಿಯ ಅಂಚಿನಲ್ಲಿ "ನುಡಿಸುವವರ ಸ್ವತ್ತು" ಎಂದು ಇಂಗ್ಲಿಷಿನಲ್ಲಿ ಕೊರೆಸಿದರು. ಅಂಗಡಿಯವನು ಮೆರುಗೆಣ್ಣೆಯ ಮೇಲೆ ಮಾತ್ರ ಗೀರಿದ್ದ, ಹಿತ್ತಾಳೆಗೆ ಸೂಜಿ ಇಳಿದಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ. ಮುಖ್ಯವಾಗಿ ನನಗೆ ಗೊತ್ತಿರಲಿಲ್ಲ.

ಮಾಸ್ಟರ್ ಊರಿಗೆ ಮರಳಿದ ವರ್ಷವೇ, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಮೊದಲು ಬ್ಯಾಂಡಿನವರು ವಾದ್ಯಗಳನ್ನು ತೊಳೆಯಲು ಮನೆಮನೆಗೆ ಹಂಚಿದರು. ಬೇಸನ್ನು ನೋಡಿದೆ. ಮಂಕು ಹಳದಿ, ಅಲ್ಲಲ್ಲಿ ಕಂದು ಚುಕ್ಕೆ. ಹಿತ್ತಾಳೆ ಅಂದರೆ ಹೀಗಿರುತ್ತದೆಯೇ? ನನ್ನ ಅಮ್ಮನ ಮನೆಯ ಹಂಡೆಯಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಬಿಸಿ ನೀರು, ಹುಣಸೆಹುಳಿ, ಕಲ್ಲುಪ್ಪು, ತೆಂಗಿನ ನಾರು. ಮೂರು ಗಂಟೆ ಉಜ್ಜಿದೆ. ಹಳೆಯ ಜಿಡ್ಡು ಸಿಪ್ಪೆಸಿಪ್ಪೆಯಾಗಿ ಎದ್ದು ಬಂತು. ಜಿಡ್ಡು ಎಂದುಕೊಂಡೆ, ಮೆರುಗೆಣ್ಣೆ ಎಂದು ಹೇಗೆ ತಿಳಿಯಬೇಕು? ಬೇಸು ಚಿನ್ನದ ಹಾಗೆ ಹೊಳೆಯಿತು. ಆ ಸಂತೋಷದಲ್ಲಿ ಉಳಿದ ಮನೆಗಳ ಹೆಂಗಸರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಹೇಳಿದೆ: ಬಿಸಿ ನೀರು, ಹುಣಸೆಹುಳಿ, ಉಪ್ಪು, ನಾರು. ಒಬ್ಬರೂ ಸೋಮಾರಿಗಳಲ್ಲ, ಎಲ್ಲರೂ ಉಜ್ಜಿದರು.

ಈಗ ವಿಷಯಕ್ಕೆ ಬರುತ್ತೇನೆ. ಫ್ಯಾಕ್ಟರಿ ಹೊಸ ಮಾಲೀಕರ ಕೈಗೆ ಹೋಗಿದೆ. ಹೋದ ವಾರ ಹಳೆಯ ಸಾಮಾನಿಗೆಲ್ಲ ಕೆಂಪು ಚೀಟಿ ಅಂಟಿಸುತ್ತಾ ಬಂದವರು ಕ್ಯಾಂಟೀನಿನ ಪಕ್ಕದ ಬ್ಯಾಂಡಿನ ಕೋಣೆಗೂ ಬಂದು, ಕೆಟ್ಟುಹೋದ ಫ್ಯಾನುಗಳಿಗೆ ಅಂಟಿಸಿದ ಹಾಗೆ ವಾದ್ಯಗಳಿಗೂ ಅಂಟಿಸಿದರು. ಗುಜರಿಯ ಪಟ್ಟಿಯಲ್ಲಿ "ಹಳೆ ಹಿತ್ತಾಳೆ, ಹನ್ನೊಂದು" ಎಂದಾಯಿತು. ಇವರು ಮನೆಗೆ ಬಂದು ಶೂಸು ಕೂಡ ಬಿಚ್ಚದೆ ಕೂತರು.

"ಎಂತಾಯ್ತು?"

"ತೂಕಕ್ಕೆ ಹಾಕ್ತಾರೆ ಅದನ್ನು," ಅಂದರು. ಅಷ್ಟೇ. ಆ ದಿನ ಚಹಾ ಕೂಡ ಬೇಡ ಅಂದರು. ಇಷ್ಟು ವರ್ಷ ಆ ಬೇಸು ಮನೆ ಬಿಟ್ಟು ಹೋದರೆ ಸಾಕು ಎಂದು ಹರಕೆ ಹೊತ್ತವಳು ನಾನು. ಇವರ ಮುಖ ನೋಡಿ ನನಗೆ ಊಟ ಇಳಿಯಲಿಲ್ಲ.

ಎಚ್‌ಆರ್ ವಿಭಾಗದ ಮುಖ್ಯಸ್ಥೆ ಒಬ್ಬ ಒಮಾನಿ ಹೆಂಗಸು. ವಾದ್ಯಗಳು ಕಂಪೆನಿಯದಲ್ಲ, ನಿಮ್ಮವು ಎಂದು ತೋರಿಸಿದರೆ ಪಟ್ಟಿಯಿಂದ ತೆಗೆಯುತ್ತೇನೆ, ಭಾನುವಾರದೊಳಗೆ ಬ್ಯಾಂಡಿನ ಚರಿತ್ರೆ ಬರೆದು ತನ್ನಿ ಎಂದರಂತೆ. ಬರೆದು ತನ್ನಿ ಎಂದದ್ದೇ, ಇವರು ಮತ್ತು ಕಾರ್ನೆಟ್ಟಿನವರು ಶುಕ್ರವಾರ ನಮ್ಮ ಹಾಲಿನಲ್ಲಿ ಬಂದು ಕೂತರು. ಕಾರ್ನೆಟ್ಟಿನವರು ಫ್ಯಾಕ್ಟರಿಯ ಲ್ಯಾಬಿನವರು, ಮೈಸೂರಿನ ಕಡೆಯವರು, ಸಂಗೀತ ಇಲ್ಲಿಗೆ ಬಂದ ಮೇಲೆಯೇ ಕಲಿತದ್ದು.

"ಅಕ್ಕಾ, ನೀವು ಬರ್ಕೊಳಿ. ಕ್ಯಾಂಟೀನಲ್ಲಿ ನೋಟೀಸ್ ಹಾಕಿದ್ರಲ್ಲ, ಬ್ಯಾಂಡ್ ಶುರುವಾಗಿದ್ದು ಅವತ್ತೇ."

"ಎಂತ ನೋಟೀಸು?" ಎಂದರು ಇವರು. "ನಾನು ಅಂಟಿನ ಮಿಷನು ರಿಪೇರಿ ಮಾಡುವಾಗ ಸಿಳ್ಳೆ ಹಾಕಿದ್ದನ್ನು ಮಾಸ್ಟರ್ ಕೇಳಿದ್ರು. ಅಲ್ಲಿಂದ ಶುರು."

"ಸಿಳ್ಳೇಲಿ ಬ್ಯಾಂಡ್ ಶುರುವಾಗತ್ತಾ ಅಣ್ಣ? ಹಂಗಾದ್ರೆ ನಮ್ಮನೆ ಕುಕ್ಕರ್‌ನೂ ಸೇರಿಸ್ಕೊಳಿ."

"ನೀನು ಆಗ ಒಮಾನಿಗೇ ಬಂದಿರ್ಲಿಲ್ಲ ಮಾರಾಯ!"

"ಬಂದಿರ್ಲಿಲ್ಲ, ಆದ್ರೆ ನೋಟೀಸ್ ನೋಡಿದೀನಿ."

ಎರಡು ಗಂಟೆ ಹೀಗೇ. ಮೂರು ಸುತ್ತು ಚಹಾ, ಒಂದು ಡಬ್ಬ ಚಕ್ಕುಲಿ, ಕಾಗದದ ಮೇಲೆ ಒಂದು ಸಾಲಿಲ್ಲ. ಕೊನೆಗೆ ನಾನೇ ನನ್ನ ದಿನಚರಿಯ ಹಳೆಯ ಪುಸ್ತಕಗಳನ್ನು ತೆಗೆದೆ. ಇಪ್ಪತ್ತು ವರ್ಷದಿಂದ ದಿನವೂ ನಾಲ್ಕು ಸಾಲು ಬರೆಯುವ ಅಭ್ಯಾಸ ನನಗೆ. ಏನು ಮಾಡಿದೆ, ಯಾರು ಬಂದರು, ಏನು ತಿಂದೆವು, ಅಷ್ಟೇ. ಶನಿವಾರವಿಡೀ ಅದರಿಂದ ಆರಿಸಿ ಬರೆದೆ, ಮಗಳು ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಹನ್ನೊಂದನೇ ತರಗತಿಯವಳು, ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಮಾಸ್ಟರ್ ಉದ್ದ ಪೆಟ್ಟಿಗೆ ತಂದರು, ಒಂಬತ್ತು ನೀರುದೋಸೆ ತಿಂದರು, ಕೋಳಿ ಸಾರಿಗೆ ಖಾರ ಜಾಸ್ತಿಯಾಗಿ ಕಣ್ಣೊರೆಸಿಕೊಂಡರು," ಎಂದು ಓದಿ ಹೇಳಿದೆ.

"ಮಮ್ಮಾ, ದಿಸ್ ಈಸ್ ನಾಟ್ ಹಿಸ್ಟರಿ. ದಿಸ್ ಈಸ್ ಅ ಮೆನು."

"ನೀರುದೋಸೆಗೆ ಇಂಗ್ಲಿಷಿನಲ್ಲಿ ಏನು ಬರೀತೀ ಬರಿ, ಆದರೆ ಬಿಡಬೇಡ."

ಬರೆಯುತ್ತಾ ಹೋದಂತೆ ಮಾಸ್ಟರ್ ಕೊರೆಸಿದ ಅಕ್ಷರದ ಸಾಲು ಬಂತು. ಇವರು ಹಾರಿಬಿದ್ದರು. "ಹೌದಲ್ವಾ! ಅದೇ ಸಾಕ್ಷಿ!" ತಕ್ಷಣ ಎಲ್ಲರಿಗೂ ಫೋನು ಹೋಯಿತು. ರುಸೈಲ್‌ನ ಕ್ಯಾಂಪಿನಲ್ಲಿರುವ ಹಾರ್ನಿನವರು ಬ್ಯಾಂಡಿನ ಕೋಣೆಗೆ ಹೋಗಿ ಟಾರ್ಚು ಹಾಕಿ ನೋಡಿದರು. ಅವರು ಕುಂದಾಪುರದ ಕಡೆಯವರು, ಐವತ್ತು ದಾಟಿದ ಬ್ರಹ್ಮಚಾರಿ, ಆ ಕಡೆ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಾರೆ.

"ಬಾಯಮ್ಮ, ಒಂದ್ರಲ್ಲೂ ಅಕ್ಷರ ಇಲ್ಲೆ. ಎಲ್ಲ ಫಳಫಳ. ನಿಮ್ ಹುಣಸೆಹುಳಿ ಅಷ್ಟು ಗಟ್ಟಿ ಮರಾಯ್ರೆ. ನನ್ನ ಹಾರ್ನಲ್ ಮಾತ್ರ ಉಂಟು."

"ನಿಮ್ಮದರಲ್ಲಿ ಹೇಗೆ ಉಳಿಯಿತು?"

"ನಾನು ತೊಳ್ದದ್ದೇ ಇಲ್ಲೆ."

ವಾದ್ಯ ಬಂದು ಹತ್ತು ವರ್ಷ! ಕೇಳಿ ನನ್ನ ಮೈಯೆಲ್ಲ ತುರಿಸಿತು. ಆದರೆ ಬಯ್ಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಚೆ ಇವರು ನನ್ನನ್ನು ನೋಡುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಇವತ್ತು ಭಾನುವಾರ, ಇಲ್ಲಿ ಕೆಲಸದ ದಿನ. ಹತ್ತು ಗಂಟೆಗೆ ಆಫೀಸು. ಚರಿತ್ರೆ ಬರೆದವರೂ ಬರಬೇಕು ಎಂದು ಮೇಡಂ ಹೇಳಿದ್ದರಿಂದ ನಾನೂ. ಮೇಜಿನ ಈಚೆ ಇವರು, ಕಾರ್ನೆಟ್ಟಿನವರು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾರ್ನು ಇಟ್ಟುಕೊಂಡು ಹಾರ್ನಿನವರು. ಮೇಡಂ ಮೂರು ಪುಟವನ್ನೂ ನಿಧಾನವಾಗಿ ಓದಿದರು. ಒಂದು ಕಡೆ ತುಟಿ ಅಲುಗಿತು; ನೀರುದೋಸೆಯ ಸಾಲಿರಬೇಕು. ಆಮೇಲೆ, "ಅಕ್ಷರ ತೋರಿಸಿ," ಎಂದರು.

ಹಾರ್ನು ಚೀಲದಿಂದ ಹೊರಬಂತು. ಕಾವಲಿಯ ತಳದ ಬಣ್ಣ. ಮೇಡಂ ಟಿಶ್ಶೂ ತೆಗೆದು ಅಂಚನ್ನು ಒರೆಸಿ ಕನ್ನಡಕ ಹಾಕಿ ಓದಿದರು. ನುಡಿಸುವವರ ಸ್ವತ್ತು.

"ಸರಿ. ಇದು ನಿಮ್ಮದು. ಉಳಿದ ಹತ್ತು?"

"ಅವೂ ಹೀಗೇ ಮೇಡಂ," ಎಂದರು ಕಾರ್ನೆಟ್ಟಿನವರು.

"ಹೀಗೇ ಎಂದರೆ? ಅಕ್ಷರ ಇದೆಯೇ?"

"ಇತ್ತು."

"ಇತ್ತು ಎಂದು ನಾನು ಫೈಲಿನಲ್ಲಿ ಬರೆಯಲಾಗುವುದಿಲ್ಲ. ಅಕ್ಷರ ಇರುವ ಒಂದು ನಿಮ್ಮದು, ಅಕ್ಷರ ಇಲ್ಲದ ಹತ್ತು ಕಂಪೆನಿಯದು. ಬೇರೆ ಹೇಗೆ ತಿಳಿಯಲಿ?"

ತೊಳೆಯದವನಿಗೆ ನ್ಯಾಯ, ತೊಳೆದವರಿಗೆ ಗುಜರಿ. ಇವರು ಚರಿತ್ರೆಯ ಪ್ರತಿಯನ್ನು ಮಡಚಿ ಮಡಚಿ ಬೀಡಿಕಟ್ಟಿನಷ್ಟು ಮಾಡಿದ್ದರು. ನಾನು ಬಾಯಿ ತೆರೆದೆ. ಇವರು ಮೇಜಿನಡಿ ನನ್ನ ಕಾಲು ತುಳಿದರು. ಯಾಕೆಂದು ನನಗೆ ಗೊತ್ತಿತ್ತು, ಕಾರಿನಲ್ಲೇ ಹೇಳಿದ್ದರು: ವಾದ್ಯ ಕಂಪೆನಿಯದು ಎಂದಾದರೆ, ಅದನ್ನು ಹಾಳು ಮಾಡಿದವಳು ನೀನು, ಎಚ್ಚರಿಕೆಯ ಪತ್ರ ಬರುವುದು ನನಗೆ. ಅದಕ್ಕೇ ಅಕ್ಷರ ತಾನಾಗಿ ಸವೆಯಿತು ಎನ್ನೋಣ ಎಂದು ಮೂವರೂ ಮಾತಾಡಿಕೊಂಡಿದ್ದರು. ಆದರೆ ಹತ್ತರಲ್ಲಿ ಸವೆದು ಒಂದರಲ್ಲಿ ಉಳಿಯುವುದು ಹೇಗೆ ಎಂದು ಆ ಹೆಂಗಸು ಕೇಳದಿರುತ್ತಾಳೆಯೇ? ಗಂಡಸರ ಬುದ್ಧಿ! ಕಾಲು ಎಳೆದುಕೊಂಡು ಹೇಳಿದೆ.

"ಅಕ್ಷರ ತೆಗೆದದ್ದು ನಾನು ಮೇಡಂ. ಹಿತ್ತಾಳೆ ಮಾಸಿದೆ ಎಂದುಕೊಂಡೆ. ನಮ್ಮಲ್ಲಿ ಪಾತ್ರೆ ತೊಳೆಯುವ ಹಾಗೆ ಬಿಸಿ ನೀರಲ್ಲಿ ಹುಣಸೆಹುಳಿ ಹಾಕಿ ಉಜ್ಜಿದೆ. ಉಳಿದ ಮನೆಯವರಿಗೂ ಹೇಳಿಕೊಟ್ಟೆ. ಈ ಹಾರ್ನಿನವರು ಬ್ರಹ್ಮಚಾರಿ, ಅವರ ಮನೆಯಲ್ಲಿ ಹೆಂಗಸರಿಲ್ಲ, ಅದಕ್ಕೇ ಉಳಿಯಿತು."

ಇವರು ಬೀಡಿಕಟ್ಟಿನಷ್ಟಾದ ಚರಿತ್ರೆಯನ್ನು ಇನ್ನೊಮ್ಮೆ ಮಡಚಿದರು.

"ಉಪ್ಪೂ ಹಾಕಿದಿರಾ?" ಎಂದರು ಮೇಡಂ.

"ಕಲ್ಲುಪ್ಪು."

"ಉಜ್ಜಿದ್ದು ಯಾವುದರಲ್ಲಿ?"

"ತೆಂಗಿನ ನಾರಿನಲ್ಲಿ."

ಅವರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಅವರ ಅಜ್ಜಿಯ ಹತ್ತಿರ ಕಾವಾ, ಅಂದರೆ ಅರಬ್ಬಿ ಕಾಫಿ, ಮಾಡುವ ಹಿತ್ತಾಳೆಯ ಹೂಜಿ ಒಂದಿತ್ತಂತೆ. ಅದರ ಹೊಟ್ಟೆಯ ಮೇಲೆ ಮಾಡಿದವನ ಗುರುತು, ಆ ಗುರುತಿನಿಂದಲೇ ಅದಕ್ಕೆ ಮರ್ಯಾದೆ. ಅಮ್ಮ ಮದುವೆಯಾಗಿ ಬಂದ ಮೊದಲ ಈದ್‌ಗೆ, ಅತ್ತೆಯನ್ನು ಮೆಚ್ಚಿಸಲೆಂದು, ನಿಂಬೆ ಮತ್ತು ಬೂದಿ ಹಾಕಿ ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟರಂತೆ. "ಗುರುತು ಹೋಯಿತು. ಅಜ್ಜಿ ಸಾಯುವವರೆಗೂ ಪ್ರತಿ ಈದ್‌ಗೆ ಆ ಮಾತು ಎತ್ತುತ್ತಿದ್ದರು," ಎಂದು ಮೇಡಂ ಹೇಳಿದರು. "ಸುಳ್ಳು ಹೇಳುವವರು ಇನ್ನೂ ಚಂದದ ಸುಳ್ಳು ತರುತ್ತಾರೆ. ಇಂಥದ್ದನ್ನು ಯಾರೂ ಕಟ್ಟಿ ಹೇಳುವುದಿಲ್ಲ."

ಪಟ್ಟಿಯನ್ನು ಎಳೆದುಕೊಂಡು "ಹಳೆ ಹಿತ್ತಾಳೆ, ಹನ್ನೊಂದು" ಎಂಬ ಸಾಲಿಗೆ ಗೆರೆ ಎಳೆದು ಸಹಿ ಹಾಕಿದರು. "ಖಲಾಸ್. ಹನ್ನೊಂದೂ ನಿಮ್ಮದು."

ಇವರು ಎದ್ದು ನಿಂತುಬಿಟ್ಟರು. ಥ್ಯಾಂಕ್ಯೂ ಎನ್ನಲು ಹೋಗಿ ಮೂಗು ಒರೆಸಿಕೊಂಡರು. ನಾನೂ ಸೆರಗಿನಿಂದ ಮೂಗು ಒರೆಸಿಕೊಂಡೆ ಎನ್ನಲು ನಾಚಿಕೆಯಿಲ್ಲ.

"ಕೋಣೆ ಮಾತ್ರ ಬೇಕು," ಎಂದರು ಮೇಡಂ. "ನಾಲ್ಕು ಗಂಟೆಗೆ ಬೀಗ ಬದಲಾಗುತ್ತದೆ. ಅಷ್ಟರಲ್ಲಿ ನಿಮ್ಮ ಸ್ವತ್ತು ತೆಗೆದುಕೊಂಡು ಹೋಗಿ. ಯಲ್ಲಾ, ಬೇಗ."

"ಖಂಡಿತ ಮೇಡಂ!" ಎಂದು ಮೂವರೂ ಒಂದೇ ಉಸಿರಿನಲ್ಲಿ ಹೇಳಿದರು. ಎಲ್ಲಿಗೆ ಎಂದು ಒಬ್ಬರೂ ಯೋಚಿಸಲಿಲ್ಲ.

ಬ್ಯಾಂಡಿನ ಕೋಣೆಗೆ ಹೋದ ಮೇಲೆ ನಾನೇ ಕೇಳಿದೆ. ಕ್ಯಾಂಪಿನ ಕೋಣೆಯಲ್ಲಿ ಆರು ಮಂಚ, ಹಾರ್ನಿಗೆ ಮಾತ್ರ ಹೇಗೋ ಜಾಗ. ಉಳಿದವರಲ್ಲಿ ಕೆಲವರು ಪಾಳಿಯಲ್ಲಿ, ಕೆಲವರು ರಜೆಯಲ್ಲಿ. ಕಾರ್ನೆಟ್ಟಿನವರು, "ಅಕ್ಕ, ನಮ್ಮನೇಲಿ ಅತ್ತೆ ಮಾವ ಬಂದವ್ರೆ, ನಂದೊಂದನ್ನ ಹೆಂಗೋ ತಗೊಂಡ್ ಹೋಗ್ತೀನಿ," ಎಂದು ತಮ್ಮ ಕಾರ್ನೆಟ್ಟನ್ನು ಎದೆಗವಚಿಕೊಂಡರು. ಇವರು ನೆಲ ನೋಡುತ್ತಾ, "ಸ್ವಲ್ಪ ದಿನಕ್ಕೆ ಮಾತ್ರ ಮಾರಾಯ್ತಿ," ಎಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಇವರ ಸ್ವಲ್ಪ ದಿನ ಎಷ್ಟು ಉದ್ದ ಎಂದು ನನಗೆ ಗೊತ್ತು.

ಪಿಕಪ್‌ನಲ್ಲಿ ಹೊದಿಕೆ ಹಾಸಿ ಒಂಬತ್ತು ವಾದ್ಯ ಬಂದವು. ಲಿಫ್ಟಿನಲ್ಲಿ ನಾಲ್ಕು ಸುತ್ತು. ಕೆಳಗಿನ ಮನೆಯ ಹೆಂಗಸು ಬಾಗಿಲು ತೆರೆದು ಒಂದೊಂದನ್ನೂ ನೋಡಿ ಎಣಿಸಿ, ನನ್ನ ಮುಖ ನೋಡಿ, ಬಾಗಿಲು ಹಾಕಿಕೊಂಡಳು. ಯೂಫೋನಿಯಂ ಎರಡು ಮಗಳ ಕೋಣೆಯ ಕಪಾಟಿನ ಮೇಲೆ, ಹಾರ್ನುಗಳು ಊಟದ ಮೇಜಿನ ಕೆಳಗೆ, ಕಾರ್ನೆಟ್ಟುಗಳು ನನ್ನ ಸೀರೆಗಳ ಜೊತೆ. ಬೇಸು ಹಾಲಿನ ನಡುವೆ, ಟಿ.ವಿ.ಗೆ ಅಡ್ಡ.

"ಅಪ್ಪಾ, ವೇರ್ ವಿಲ್ ಐ ಸ್ಟಡಿ?" ಎಂದಳು ಮಗಳು. ಇವರು ಬೇಸಿನ ಬಾಯಿಯ ಅಂಚಿನಿಂದ ಕೆಂಪು ಚೀಟಿಯ ಅಂಟನ್ನು ಉಗುರಿನಿಂದ ಕೆರೆಯುತ್ತಿದ್ದರು, ಕೇಳಿಸಲಿಲ್ಲ. ಚೀಟಿ ಅರ್ಧ ಬಂದು ಅರ್ಧ ಹರಿಯಿತು. ನಾನು ಹತ್ತಿರ ಹೋದದ್ದೇ ತಡ, "ನೀನು ಬೇಡ! ನೀನು ಮುಟ್ಟಬೇಡ!" ಎಂದು ಎರಡೂ ಕೈ ಅಡ್ಡ ಹಿಡಿದರು.

ಗ್ಯಾಸಿನವನು ಕೊನೆಗೂ ಬರಲಿಲ್ಲ. ಇದ್ದ ಗ್ಯಾಸು ಅನ್ನ ಅರ್ಧ ಬೆಂದಾಗ ಮುಗಿಯಿತು. ವಾದ್ಯ ಹೊತ್ತ ಹಾರ್ನಿನವರನ್ನೂ ಕಾರ್ನೆಟ್ಟಿನವರನ್ನೂ ಹಾಗೇ ಕಳಿಸಲಾಗದೆ ಕೆಳಗಿನ ಅಂಗಡಿಯಿಂದ ಖುಬ್ಸ್ ರೊಟ್ಟಿ ತರಿಸಿದೆ. ಬೆಳಗಿನ ಬಂಗುಡೆ ಸಾರು, ತಣ್ಣಗೆ. ಕಾರ್ನೆಟ್ಟಿನವರು ಮೀನು ತಿನ್ನುವುದಿಲ್ಲ, ಅವರಿಗೆ ಚಿತ್ರಾನ್ನದ ಉಳಿಕೆ ಮತ್ತು ಮಾವಿನ ಉಪ್ಪಿನಕಾಯಿ. ಆರು ಬಂಗುಡೆಯಲ್ಲಿ ಹಾರ್ನಿನವರು ಮೂರು ತಿಂದರು, ಇವರು ಎರಡು, ಮಗಳು ಒಂದು. ನಾನು ಖುಬ್ಸನ್ನು ಸಾರಿಗೆ ಅದ್ದಿಕೊಂಡೆ. ಒಂಬತ್ತು ಗಂಟೆಗೆ ಎಲ್ಲರಿಗಿಂತ ಮೊದಲು ಮಲಗಿದವರು ಇವರು, ಹಾಲಿನಲ್ಲಿ ಚಾಪೆ ಹಾಸಿಕೊಂಡು, ಒಂದು ಕೈ ಬೇಸಿನ ಮೇಲೆ. ಆಮೇಲೆ ಮಗಳು. ಇದನ್ನು ಬರೆದು ಮುಗಿಸಿ ಈಗ ನಾನು.